ಡ್ಯಾನ್ಸ್, ಯಕ್ಷಗಾನ, ನಾಟಕ ಕ್ಲಾಸಿಗೆ ಮಗುವನ್ನು ಕಳಿಸುವವರಿಗೆ: ಏನು ನೋಡಬೇಕು, ಏನು ಕೇಳಬೇಕು

ಜೂನ್ ಬಂದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. "ಮಗಳನ್ನು ಭರತನಾಟ್ಯಕ್ಕೆ ಸೇರಿಸಬೇಕು, ಕ್ಲಾಸ್ ಸೇಫ್ ಅಂತ ಹೇಗೆ ಗೊತ್ತಾಗುತ್ತದೆ?" "ಮಗನಿಗೆ ಯಕ್ಷಗಾನದ ಹುಚ್ಚು, ರಾತ್ರಿ ಪ್ರೋಗ್ರಾಮಿಗೆ ಸಂಘದವರ ಜೊತೆ ಕಳಿಸಬಹುದಾ?" ಇದರ ಬೆನ್ನಿಗೇ ಇನ್ನೊಂದು: "ಇದನ್ನೆಲ್ಲ ಕೇಳಿದರೆ ಗುರುಗಳಿಗೆ ಬೇಜಾರಾಗುವುದಿಲ್ವಾ?"

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಒಳ್ಳೆಯ ಗುರುಗಳಿಗೆ ಬೇಜಾರಾಗುವುದಿಲ್ಲ. ಸ್ವಲ್ಪ ಆದರೂ ಪರವಾಗಿಲ್ಲ, ಕೇಳಿ. ಫೀಸು ಎಷ್ಟು, ಗೆಜ್ಜೆ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಲ್ಲ, ಅದೇ ದನಿಯಲ್ಲಿ ಇದನ್ನೂ ಕೇಳಿದರೆ ಆಯ್ತು. ನೀವು ಒಬ್ಬರ ಗುಣದ ಬಗ್ಗೆ ತೀರ್ಪು ಕೊಡುತ್ತಿಲ್ಲ, ಕ್ಲಾಸು ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳುತ್ತಿದ್ದೀರಿ. ದೊಡ್ಡವರೊಬ್ಬರು ಮಗುವಿನ ಜೊತೆ ಯಾರಿಗೂ ಕಾಣದ ಹಾಗೆ ಒಬ್ಬರೇ ಇರುವ ಸಂದರ್ಭ ಬರಲೇಬಾರದು, ನೋಡಬೇಕಾದ್ದು ಮುಖ್ಯವಾಗಿ ಇಷ್ಟೇ. ಕೆಳಗಿನ ಹಂತಗಳೆಲ್ಲ ಅದರ ಸುತ್ತವೇ ಸುತ್ತುತ್ತವೆ.

ಹಂತ 1: ಸೇರಿಸುವ ಮುಂಚೆ ಒಂದು ಕ್ಲಾಸ್ ಪೂರ್ತಿ ನೋಡಿ

ನಮ್ಮ ಕರಾವಳಿ ಕಡೆ ಕ್ಲಾಸುಗಳು ಎಲ್ಲೆಲ್ಲೋ ನಡೆಯುತ್ತವೆ. ಟೀಚರ ಮನೆಯ ಚಾವಡಿ, ದೇವಸ್ಥಾನದ ಸಭಾಭವನ, ಶೀಟ್ ಹಾಕಿದ ಟೆರೇಸು, ಶಾಲೆ ಬಿಟ್ಟ ಮೇಲೆ ಶಾಲೆಯದ್ದೇ ಹಾಲ್. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಮೂಲಕ ಹೈಸ್ಕೂಲುಗಳಲ್ಲೇ ಯಕ್ಷಗಾನ ಕಲಿಸುತ್ತಾರೆ. ಅಂಥ ಕಡೆ ಶಾಲೆಯ ಶಿಕ್ಷಕರೂ ಸುತ್ತಮುತ್ತ ಇರುತ್ತಾರೆ, ಏನಾದರೂ ಇದ್ದರೆ ಹೆಡ್‌ಮಾಸ್ಟ್ರ ಹತ್ತಿರ ಹೋಗಿ ಕೇಳಬಹುದು. ಖಾಸಗಿ ಕ್ಲಾಸಿನಲ್ಲಿ ಹಾಗಲ್ಲ, ಅಲ್ಲಿ ನೀವೇ ನೋಡಬೇಕು.

ಏನು ನೋಡುವುದು? ಕ್ಲಾಸ್ ನಡೆಯುವಾಗ ಬಾಗಿಲು ತೆರೆದಿರುತ್ತದಾ, ಹೊರಗಿನಿಂದ ಒಳಗಿನದ್ದು ಕಾಣುತ್ತದಾ. ಎಸಿ ಇದೆ ಅಂತ ಬಾಗಿಲು ಹಾಕುವುದಾದರೆ ಬಾಗಿಲಿಗೆ ಗಾಜಾದರೂ ಇದೆಯಾ. ಟಾಯ್ಲೆಟ್ ಎಲ್ಲಿದೆ, ಒಳಗಿನ ಚಿಲಕ ಸರಿ ಇದೆಯಾ, ಅಲ್ಲಿಗೆ ಹೋಗುವ ದಾರಿ ಕತ್ತಲಾ. ಮಕ್ಕಳು ಬಟ್ಟೆ ಬದಲಿಸುವುದು ಎಲ್ಲಿ. ಮನೆಯಲ್ಲಿ ಕ್ಲಾಸ್ ಆದರೆ ಆ ಹೊತ್ತಿಗೆ ಮನೆಯಲ್ಲಿ ಇನ್ನು ಯಾರು ಯಾರು ಇರುತ್ತಾರೆ. ಒಳ್ಳೆ ಟೀಚರ ಮನೆಗೆ ಕಳಿಸುತ್ತೇವೆ, ಆದರೆ ಅದೇ ಮನೆಯ ಉಳಿದವರು ಯಾರು ಅಂತ ಗೊತ್ತೇ ಇರುವುದಿಲ್ಲ. ಇದು ತುಂಬ ಜನ ಮರೆಯುವ ವಿಷಯ.

ನೆಲವನ್ನೂ ನೋಡಿ. ಯಕ್ಷಗಾನದ ಬಡಗುತಿಟ್ಟು (ಉತ್ತರದ ಶೈಲಿ) ಆದರೆ ಮಂಡಿ ಹಾಕಿ ತಿರುಗುವುದಿದೆ, ತೆಂಕುತಿಟ್ಟು (ದಕ್ಷಿಣದ ಶೈಲಿ) ಆದರೆ ಧೀಂಗಿಣ, ಅಂದರೆ ಹಾರಿ ಗಿರಕಿ ಹೊಡೆಯುವುದಿದೆ, ಭರತನಾಟ್ಯದಲ್ಲಿ ಗಂಟೆಗಟ್ಟಲೆ ಕಾಲು ತಟ್ಟುವುದಿದೆ. ಬರೀ ಸಿಮೆಂಟ್ ನೆಲದ ಮೇಲೆ ಚಿಕ್ಕ ಮಕ್ಕಳ ಹತ್ತಿರ ಮಂಡಿ ಹಾಕಿಸುವವರ ಬಳಿ ಚಾಪೆ ಯಾಕಿಲ್ಲ ಎಂದು ಕೇಳಲೇಬೇಕು.

ಎಚ್ಚರ: "ಪೋಷಕರು ಇದ್ದರೆ ಮಕ್ಕಳಿಗೆ ಗಮನ ಇರುವುದಿಲ್ಲ" ಎಂದು ಎಲ್ಲ ಕಡೆ ಹೇಳುತ್ತಾರೆ, ಅದರಲ್ಲಿ ನಿಜವೂ ಇದೆ. ಹಾಗಾದರೆ ಹೊರಗೆ ಜಗಲಿಯಲ್ಲಿ ಕೂರಬಹುದಾ, ತಿಂಗಳಿಗೊಮ್ಮೆ ಒಳಗೆ ಬಂದು ನೋಡಬಹುದಾ ಎಂದು ಕೇಳಿ. ಅದಕ್ಕೂ ಆಗುವುದಿಲ್ಲ ಎಂದರೆ ಬೇರೆ ಕ್ಲಾಸ್ ನೋಡಿ. ಗುರುಗಳಿಗೆ ಎಷ್ಟು ದೊಡ್ಡ ಹೆಸರಿದ್ದರೂ ಅಷ್ಟೇ.

ಹಂತ 2: ಕೇಳಬೇಕಾದ್ದನ್ನು ಮೊದಲ ದಿನವೇ ಕೇಳಿ

ಪೋಕ್ಸೊ ಅನ್ನುವ ಹೆಸರು ಕೇಳಿರುತ್ತೀರಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು ಇರುವ 2012ರ ಕಾನೂನು ಅದು. 18 ವರ್ಷ ತುಂಬದ ಎಲ್ಲರೂ ಅದರ ಲೆಕ್ಕದಲ್ಲಿ ಮಕ್ಕಳೇ, ಹುಡುಗ ಹುಡುಗಿ ಅನ್ನುವ ಭೇದ ಇಲ್ಲ. ಆ ಕಾನೂನಿನ ಕೆಳಗೆ 2020ರಲ್ಲಿ ಬಂದ ನಿಯಮಗಳ ಪ್ರಕಾರ, ಮಕ್ಕಳ ಜೊತೆ ದಿನನಿತ್ಯ ಒಡನಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಆಗಾಗ ಮಾಡಿಸಬೇಕು. ಅಂದರೆ ಆ ವ್ಯಕ್ತಿಯ ಮೇಲೆ ಕೇಸು ಇದೆಯಾ ಎಂದು ಪೊಲೀಸರಿಂದ ಪರಿಶೀಲನೆ. ಕಾಯಂ ಆಗಲಿ, ಗುತ್ತಿಗೆ ಆಗಲಿ, ಪಾಠ ಮಾಡುವವರಾಗಲಿ, ಮಾಡದವರಾಗಲಿ, ಎಲ್ಲರಿಗೂ ಇದು ಬೇಕು. ಮಕ್ಕಳ ಸುರಕ್ಷತೆಯ ಬಗ್ಗೆ ಸಿಬ್ಬಂದಿಗೆ ತರಬೇತಿಯನ್ನೂ ಕೊಡಿಸಬೇಕು. ವೆರಿಫಿಕೇಶನ್‌ಗೆ ಅರ್ಜಿ ಹಾಕಲು ಈಗ ಸೇವಾ ಸಿಂಧು ಪೋರ್ಟಲ್ ಇದೆ, ಅಲೆದಾಟ ಜಾಸ್ತಿ ಇಲ್ಲ.

ಕೇಳುವುದು ಹೀಗೆ: "ಸರ್, ನಿಮ್ಮಲ್ಲಿ ಕಲಿಸುವವರದ್ದು, ಸಹಾಯಕ್ಕೆ ಬರುವವರದ್ದು ವೆರಿಫಿಕೇಶನ್ ಆಗಿದೆಯಾ?" "ಟೀಚರ್, ನೀವು ಇಲ್ಲದ ದಿನ ಕ್ಲಾಸ್ ಯಾರು ತೆಗೆದುಕೊಳ್ಳುತ್ತಾರೆ?" "ಏನಾದರೂ ತೊಂದರೆ ಆದರೆ ನಾವು ಯಾರಿಗೆ ಹೇಳಬೇಕು?" ಮೂರನೆಯದಕ್ಕೆ "ನನಗೇ ಹೇಳಿ" ಎಂಬ ಉತ್ತರ ಮಾತ್ರ ಬಂದರೆ ಸಾಲದು. ಗುರುಗಳ ಬಗ್ಗೆಯೇ ದೂರು ಇದ್ದರೆ? ಕಮಿಟಿಯಲ್ಲೋ ಪೋಷಕರಲ್ಲೋ ಇನ್ನೊಬ್ಬರ ಹೆಸರು ಇರಬೇಕು.

ಎಚ್ಚರ: ವೆರಿಫಿಕೇಶನ್ ಸರ್ಟಿಫಿಕೇಟ್ ಇದೆ ಎಂದ ಕೂಡಲೇ ನಿಶ್ಚಿಂತರಾಗಬೇಡಿ. ದಾಖಲಾದ ಕೇಸು ಮಾತ್ರ ಅದರಲ್ಲಿ ಕಾಣುತ್ತದೆ, ದೂರೇ ಕೊಡದಿದ್ದದ್ದು ಕಾಣುವುದಿಲ್ಲ. ಇನ್ನೊಂದು, ನಾವು ಗುರುಗಳನ್ನು ಮಾತ್ರ ನೋಡುತ್ತೇವೆ. ಚೆಂಡೆ ಹೊತ್ತು ತರುವ ಹುಡುಗ, ವ್ಯಾನಿನ ಡ್ರೈವರ್, ಕ್ಲಾಸ್ ನೋಡಿಕೊಳ್ಳುವ ಸೀನಿಯರ್ ಅಣ್ಣ, ಇವರೂ ಲೆಕ್ಕಕ್ಕೆ ಬರಬೇಕು.

ಹಂತ 3: ಮುಟ್ಟಿ ಕಲಿಸುವುದಕ್ಕೆ ಒಂದು ಗೆರೆ

ಈ ವಿಷಯದಲ್ಲೇ ಎಲ್ಲರಿಗೂ ಗೊಂದಲ ಜಾಸ್ತಿ. ಅರಮಂಡಿ ಅಂದರೆ ಮಂಡಿ ಬದಿಗೆ ಬಗ್ಗಿಸಿ ಅರ್ಧ ಕೂತ ನಿಲುವು. ಅದನ್ನು ಬರೀ ಬಾಯಲ್ಲಿ ಹೇಳಿ ಕಲಿಸುವುದು ಕಷ್ಟ, ಮೊಣಕೈ ಎತ್ತಿ ಕೊಡಬೇಕು, ಬೆನ್ನು ನೆಟ್ಟಗೆ ಮಾಡಬೇಕು. ಯಕ್ಷಗಾನದಲ್ಲೂ ಕೈ ಹಿಡಿದು ಹೆಜ್ಜೆ ಹಾಕಿಸುತ್ತಾರೆ. ಹಾಗಾಗಿ "ಮುಟ್ಟಲೇಬಾರದು" ಎಂಬ ನಿಯಮ ಕಲೆಯ ಕ್ಲಾಸಿನಲ್ಲಿ ನಡೆಯುವುದಿಲ್ಲ, ನಡೆಯದ ನಿಯಮ ಮಾಡಿದರೆ ಯಾರೂ ಪಾಲಿಸುವುದೂ ಇಲ್ಲ.

ನಡೆಯುವ ನಿಯಮ ಹೀಗಿರಲಿ. ಮುಟ್ಟುವ ಮುಂಚೆ ಹೇಳಬೇಕು: "ಮೊಣಕೈ ಸ್ವಲ್ಪ ಎತ್ತುತ್ತೇನೆ ಆಯ್ತಾ?" ಎಲ್ಲರ ಎದುರು ಮುಟ್ಟಬೇಕು. ಕೈ, ಮೊಣಕೈ, ಭುಜ, ಪಾದ, ಇಷ್ಟರಲ್ಲಿ ಮುಗಿಯಬೇಕು. ಬೆನ್ನು ಸರಿ ಮಾಡಲು ಕೈಗಿಂತ ಒಂದು ಕೋಲು ತಾಗಿಸಿ ತೋರಿಸಿದರೆ ಇನ್ನೂ ಒಳ್ಳೆಯದು. ಎದೆ, ತೊಡೆ, ಹಿಂಭಾಗ, ಸೊಂಟ ಹಿಡಿಯುವುದು ಪಾಠದ ಭಾಗ ಅಲ್ಲವೇ ಅಲ್ಲ. ಮಗು "ಬೇಡ" ಎಂದರೆ ಅಲ್ಲಿಗೆ ನಿಲ್ಲಬೇಕು, "ಯಾಕೆ ನಾಚಿಕೆ" ಎಂದು ನಗಾಡಬಾರದು. ಇನ್ನು ಕಾಲು ನೋವಿಗೆ ಎಣ್ಣೆ ತಿಕ್ಕುವುದು, ಮಸಾಜು ಇತ್ಯಾದಿ: ಅದು ಮನೆಯ ಕೆಲಸ, ಇಲ್ಲದಿದ್ದರೆ ಡಾಕ್ಟರ ಕೆಲಸ. ಕ್ಲಾಸಿನಲ್ಲಿ ಬೇಡ.

ಹೊಡೆತದ ಬಗ್ಗೆಯೂ ಹೇಳಿಬಿಡುತ್ತೇನೆ. "ನಮಗೆಲ್ಲ ಗುರುಗಳು ತಾಳದ ಕೋಲಿನಲ್ಲಿ ಬಾರಿಸಿಯೇ ಬಂದದ್ದು" ಎಂದು ಹೆಮ್ಮೆಯಿಂದ ಹೇಳುವವರು ಇದ್ದಾರೆ. ಇರಲಿ. ಈಗ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ, ಮಗುವಿನ ಜವಾಬ್ದಾರಿ ಹೊತ್ತವರು ಹೊಡೆದು ಬಡಿದು ಅನಗತ್ಯ ಯಾತನೆ ಕೊಟ್ಟರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ದಪ್ಪ, ಕಪ್ಪು ಎಂದು ಎಲ್ಲರ ಮುಂದೆ ಹೀಯಾಳಿಸಿದರೆ ಅದನ್ನು ಸಹಿಸಿಕೊಂಡು ಫೀಸು ಕಟ್ಟುವ ಅಗತ್ಯವೂ ಇಲ್ಲ.

ಹಂತ 4: ಫೋನು

ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಪೋಷಕರ ನಂಬರು ಇರಲಿ, ಮಗುವಿನದ್ದು ಬೇಡ. ಮಗುವಿಗೆ ಸ್ವಂತ ಫೋನ್ ಇದ್ದರೆ, ಕಲಿಸುವವರು ಮಗುವಿಗೆ ನೇರ ಮೆಸೇಜ್ ಮಾಡಬಾರದು, ಮಾಡಲೇಬೇಕಿದ್ದರೆ ಅಪ್ಪ ಅಮ್ಮ ಇರುವ ಗ್ರೂಪಿನಲ್ಲೇ ಹಾಕಬೇಕು. ರಾತ್ರಿ ಹತ್ತು ಗಂಟೆಗೆ "ಅಭ್ಯಾಸ ಮಾಡಿದ್ಯಾ?" ಎಂಬ ಮೆಸೇಜು ನೋಡಲು ಸಾಧು, ಆದರೆ ಅದು ಬೇಕಾಗಿಲ್ಲ.

ವೀಡಿಯೊ ಇನ್ನೊಂದು ತಲೆನೋವು. ರೀಲ್ಸ್ ಬಂದ ಮೇಲೆ ಕ್ಲಾಸುಗಳಿಗೆ ಪ್ರಚಾರ ಬೇಕು, ನಮಗೂ ಮಗುವಿನ ಡ್ಯಾನ್ಸ್ ಊರಿಗೆಲ್ಲ ತೋರಿಸುವ ಖುಷಿ. ಮಾಡಿ. ಆದರೆ ಬರವಣಿಗೆಯಲ್ಲಿ ಒಪ್ಪಿಗೆ ಇರಲಿ, ಮಗುವಿನ ಪೂರ್ತಿ ಹೆಸರು, ಶಾಲೆ, ಕ್ಲಾಸಿನ ಸಮಯ ಒಂದೇ ಪೋಸ್ಟಿನಲ್ಲಿ ಬೇಡ. ವೇಷ ಹಾಕುವಾಗಿನ, ಬಟ್ಟೆ ಬದಲಿಸುವಾಗಿನ ಫೋಟೊ ಯಾರೂ ತೆಗೆಯಬಾರದು, ತಮಾಷೆಗೂ.

ಹಂತ 5: ಬಿಡುವುದು, ಕರೆದುಕೊಂಡು ಬರುವುದು

ಮಳೆಗಾಲದಲ್ಲಿ ಇದೇ ದೊಡ್ಡ ತೂತು. ಮಂಗಳೂರಿನ ಪಂಪ್‌ವೆಲ್‌ನಲ್ಲಿ ನೀರು ನಿಂತು ಬಸ್ಸು ಸಿಕ್ಕಿಹಾಕಿಕೊಂಡಿದೆ, ಕ್ಲಾಸ್ ಆರು ಗಂಟೆಗೆ ಮುಗಿದಿದೆ, ಉಳಿದ ಮಕ್ಕಳೆಲ್ಲ ಹೋಗಿ ನಿಮ್ಮ ಮಗು ಒಂದೇ ಉಳಿದಿದೆ. ಇದಕ್ಕೆ ಮುಂಚೆಯೇ ದಾರಿ ಮಾಡಿಡಿ. ಇಬ್ಬರು ಮೂವರು ಪೋಷಕರು ಸೇರಿ ಮಾತಾಡಿಕೊಳ್ಳಿ, ಕೊನೆಯ ಮಗು ಹೋಗುವವರೆಗೆ ಒಬ್ಬರು ಇರುವುದು ಅಂತ. ಕರೆದುಕೊಂಡು ಹೋಗಬಹುದಾದವರ ಹೆಸರು ಕ್ಲಾಸಿಗೆ ಬರೆದು ಕೊಡಿ. ಬೇರೆ ಯಾರೇ ಬಂದರೂ, "ನಾನು ಅವಳ ಮಾವ" ಎಂದರೂ, ನಿಮಗೆ ಫೋನ್ ಮಾಡದೆ ಕಳಿಸಬಾರದು. ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟ ದಿನ ಕ್ಲಾಸ್ ಇದೆಯಾ ಇಲ್ವಾ ಎನ್ನುವುದನ್ನೂ ಗ್ರೂಪಿನಲ್ಲೇ ಖಚಿತ ಮಾಡಿಕೊಂಡು ಹೊರಡಿ.

ಹಂತ 6: ಚೌಕಿ, ಬಣ್ಣ, ಪ್ರಯಾಣ

ಕ್ಲಾಸಿನಲ್ಲಿ ಎಲ್ಲ ಶಿಸ್ತು ಇದ್ದು ಪ್ರದರ್ಶನದ ದಿನ ಎಲ್ಲ ಕೈ ಬಿಟ್ಟುಹೋಗುತ್ತದೆ. ಚೌಕಿಯನ್ನೇ ನೋಡಿ. ಹೊಸಬರಿಗೆ ಹೇಳುವುದಾದರೆ, ಯಕ್ಷಗಾನದಲ್ಲಿ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ ಅದು. ಸೊಂಟಕ್ಕೆ ಬೈರಾಸು (ಟವೆಲು) ಸುತ್ತಿಕೊಂಡು ಹತ್ತು ವರ್ಷದ ಹುಡುಗ ಮುಖಕ್ಕೆ ಬಣ್ಣ ಹಚ್ಚಿ ಕೂತಿರುತ್ತಾನೆ. ಆಮೇಲೆ ಎದ್ದು ನಿಂತರೆ ಇಬ್ಬರು ಸೇರಿ ಸೀರೆ ಸುತ್ತಿ, ಹುರಿ ಎಳೆದು, ಎದೆಗೆ ಸೊಂಟಕ್ಕೆ ಬಿಗಿಯುತ್ತಾರೆ, ತಲೆಗೆ ಕೇದಗೆ ಮುಂದಲೆ ಎಂಬ ಕಟ್ಟು ಕಟ್ಟುತ್ತಾರೆ. ಇದರಲ್ಲಿ ಮುಟ್ಟದೆ ಆಗುವ ಕೆಲಸ ಒಂದೂ ಇಲ್ಲ. ಅದರ ಮಧ್ಯೆ ಯಾರ್ಯಾರೋ ಒಳಗೆ ಬಂದು ಮೊಬೈಲ್ ಹಿಡಿದು ಫೋಟೊ ತೆಗೆಯುತ್ತಿರುತ್ತಾರೆ, ಸನ್ಮಾನದ ಅತಿಥಿ, ಅವರ ಡ್ರೈವರು, ಊರಿನ ಫೋಟೊಗ್ರಾಫರು. ಯಾರು ಎಂದು ಕೇಳುವವರೇ ಇಲ್ಲ.

ಹೀಗೆ ಮಾಡಿ. ಒಳಗಿನ ಉಡುಪು ಮನೆಯಲ್ಲೇ ಹಾಕಿಸಿ ಕಳಿಸಿ: ಹುಡುಗರಿಗೆ ಬನಿಯನ್ ಮತ್ತು ಉದ್ದ ಚಡ್ಡಿ, ಹುಡುಗಿಯರಿಗೆ ಟೀ ಶರ್ಟ್ ಮತ್ತು ಲೆಗ್ಗಿಂಗ್ಸ್, ಅದರ ಮೇಲೆಯೇ ವೇಷ. ಹುಡುಗಿಯರಿಗೆ ಬೇರೆ ಕೋಣೆ, ವೇಷ ಕಟ್ಟಲು ಹೆಂಗಸರು. ಅಂಥವರು ಸಿಗದಿದ್ದರೆ ತಾಯಂದಿರು ಒಬ್ಬರು ಪಕ್ಕದಲ್ಲೇ ನಿಂತು ಕಟ್ಟಿಸಿ. ಚೌಕಿಯ ಬಾಗಿಲಲ್ಲಿ ಒಬ್ಬ ಪೋಷಕ ಕುರ್ಚಿ ಹಾಕಿ ಕೂತರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು, "ಫೋಟೊ ಆಮೇಲೆ ಸ್ಟೇಜಿನ ಮೇಲೆ ತೆಗೆಯಿರಿ ಮಾರಾಯ್ರೆ" ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ತಲೆಯ ಕಟ್ಟು ತುಂಬ ಬಿಗಿಯಾದರೆ ಚಿಕ್ಕ ಮಕ್ಕಳಿಗೆ ತಲೆ ಸುತ್ತು ಬರುತ್ತದೆ. ಕಟ್ಟುವಾಗಲೇ "ನೋಯ್ತಾ?" ಎಂದು ಕೇಳಿ, ನೀರು ಕುಡಿಸಿ, ಹೊಟ್ಟೆಗೆ ಮುಂಚೆಯೇ ಏನಾದರೂ ಕೊಡಿ.

ಹುಲಿವೇಷಕ್ಕೂ ಇದೇ ಮಾತು. ಅಷ್ಟಮಿಗೆ ಉಡುಪಿಯಲ್ಲಿ, ದಸರಾಕ್ಕೆ ಮಂಗಳೂರಿನಲ್ಲಿ ಪುಟ್ಟ ಪುಟ್ಟ ಹುಲಿಗಳೂ ಇರುತ್ತವಲ್ಲ. ಮೈತುಂಬ ಬಣ್ಣ ಬಳಿದು, ಒಣಗುವವರೆಗೆ ಕೈ ಅಗಲಿಸಿ ನಿಲ್ಲಬೇಕು. ಆ ಹೊತ್ತು ಪೂರ್ತಿ ಮನೆಯವರು ಪಕ್ಕದಲ್ಲಿರಬೇಕು. ಬಣ್ಣ ತೆಗೆಯುವುದು ಮನೆಯಲ್ಲಿ.

ದೂರದ ಪ್ರದರ್ಶನಕ್ಕೆ ಟೆಂಪೊ ಮಾಡಿದರೆ ಅದರಲ್ಲಿ ಕನಿಷ್ಠ ಇಬ್ಬರು ಪೋಷಕರು ಇರಲಿ. ರಾತ್ರಿ ಉಳಿಯಬೇಕಾದರೆ ಮಕ್ಕಳು ಮಕ್ಕಳ ಜೊತೆ, ದೊಡ್ಡವರು ಬೇರೆ ಕೋಣೆಯಲ್ಲಿ. "ಗುರುಗಳ ರೂಮಿನಲ್ಲಿ ಜಾಗ ಇದೆ" ಎನ್ನುವುದಕ್ಕೆ ಉತ್ತರ: ಬೇಡ.

ಟಿವಿ ರಿಯಾಲಿಟಿ ಶೋಗೆ ಆಯ್ಕೆಯಾದರೆ ನಿಯಮ ಬೇರೆ. ಬಾಲಕಾರ್ಮಿಕ ಕಾನೂನಿನ ನಿಯಮಗಳ ಪ್ರಕಾರ ಮಗುವಿನಿಂದ ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ, ವಿರಾಮ ಇಲ್ಲದೆ ಮೂರು ಗಂಟೆ ದಾಟುವಂತಿಲ್ಲ. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು, ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲೇ ಬ್ಯಾಂಕಿನಲ್ಲಿ ಠೇವಣಿ ಆಗಬೇಕು. ಅನುಮತಿಯ ಪ್ರತಿ ಕೇಳಿ ಪಡೆಯಿರಿ.

ಹಂತ 7: ಒಲಿಸಿಕೊಳ್ಳುವ ಆಟವನ್ನು ಗುರುತಿಸಿ

ಗ್ರೂಮಿಂಗ್ ಅನ್ನುತ್ತಾರೆ. ಅಂದರೆ ಮಗುವನ್ನು, ಎಷ್ಟೋ ಸಲ ಮನೆಯವರನ್ನೂ, ಮೆಲ್ಲ ಮೆಲ್ಲ ಒಲಿಸಿಕೊಂಡು ಆಮೇಲೆ ದುರುಪಯೋಗ ಮಾಡುವುದು. ಕಲೆಯ ಕ್ಲಾಸಿನಲ್ಲಿ ಇದು ಸುಲಭ. ಯಾಕೆಂದರೆ ಪಾತ್ರ ಕೊಡುವ ಅಧಿಕಾರ ಒಬ್ಬರ ಕೈಯಲ್ಲಿರುತ್ತದೆ. ಅಭಿಮನ್ಯು ಯಾರು, ಸೋಲೊ ಯಾರಿಗೆ, ರಂಗಪ್ರವೇಶ (ಮೊದಲ ಪೂರ್ಣ ಪ್ರದರ್ಶನ) ಯಾವಾಗ, ಎಲ್ಲ ಅವರೇ ಹೇಳಬೇಕು. ಮಗು ಆ ಒಂದು ಪಾತ್ರಕ್ಕಾಗಿ ಏನನ್ನು ಬೇಕಾದರೂ ನುಂಗಿಕೊಳ್ಳುತ್ತದೆ, ನಾವೂ ಕೆಲವೊಮ್ಮೆ ನುಂಗಿಕೊಳ್ಳುತ್ತೇವೆ.

ಗಮನಿಸಬೇಕಾದ ಲಕ್ಷಣಗಳು ಇವು. ಒಂದೇ ಮಗುವಿಗೆ ಉಚಿತ ಸ್ಪೆಷಲ್ ಕ್ಲಾಸ್, ಅದೂ ಯಾರೂ ಇಲ್ಲದ ಹೊತ್ತಿನಲ್ಲಿ. ಕಾರಣ ಇಲ್ಲದ ಉಡುಗೊರೆ. "ನಿನ್ನ ಪ್ರತಿಭೆ ನಿನ್ನ ಅಪ್ಪ ಅಮ್ಮನಿಗೆ ಅರ್ಥ ಆಗುವುದಿಲ್ಲ" ಎಂಬ ಮಾತು. ಗುಟ್ಟು ಇಟ್ಟುಕೊಳ್ಳಲು ಹೇಳುವುದು. ಇದರಲ್ಲಿ ಒಂದು ಕಂಡರೆ ಅಪರಾಧ ಆಗಿಯೇ ಹೋಯ್ತು ಎಂದಲ್ಲ, ಆದರೆ ಆ ಸ್ಪೆಷಲ್ ಕ್ಲಾಸಿಗೆ ನೀವೂ ಹೋಗಿ ಕೂರಿ. ಕೂರಲು ಬಿಡದಿದ್ದರೆ ಕ್ಲಾಸ್ ಬಿಡಿಸಿ.

ಗಂಡು ಮಗ, ಅವನಿಗೇನು ಎಂದು ಸುಮ್ನೆ ಇರಬೇಡಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಎಂದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರೇ ಇದ್ದರು.

ಹಂತ 8: ಮಗುವಿನ ಹತ್ತಿರ ಮಾತಾಡಿ, ಆದರೆ ವಿಚಾರಣೆ ಮಾಡಬೇಡಿ

"ಯಾರಾದರೂ ಏನಾದರೂ ಮಾಡಿದರಾ?" ಎಂದು ದಿನಾ ಕೇಳಿದರೆ ಮಗು "ಇಲ್ಲ" ಎನ್ನುವುದನ್ನು ಅಭ್ಯಾಸ ಮಾಡಿಕೊಳ್ಳುತ್ತದೆ. ಅದರ ಬದಲು "ಇವತ್ತು ಯಾರ ಪಕ್ಕ ನಿಂತಿದ್ದೆ, ಯಾವ ಹೆಜ್ಜೆ ಕಷ್ಟ ಆಯ್ತು, ಯಾವುದು ಇಷ್ಟ ಆಗಲಿಲ್ಲ" ಎಂದು ಕೇಳಿ. ಈಜುಡುಗೆ ಹಾಕಿದಾಗ ಮುಚ್ಚುವ ಭಾಗವನ್ನು ಬೇರೆಯವರು ಮುಟ್ಟಬಾರದು, ಯಾರೇ ಆಗಲಿ, ಗುರುಗಳಾದರೂ, ಎಂದು ಒಂದು ಸಲ ಬಿಡಿಸಿ ಹೇಳಿ. "ಗುರುಗಳು ದೇವರ ಸಮಾನ, ಎದುರು ಮಾತಾಡಬೇಡ" ಎಂದು ಕಲಿಸಿದ್ದರೆ ಅದಕ್ಕೊಂದು ತಿದ್ದುಪಡಿ ಬೇಕು: ಕಾಲಿಗೆ ನಮಸ್ಕಾರ ಮಾಡು, ಬೇಡದ್ದಕ್ಕೆ ಬೇಡ ಎನ್ನು.

ಇದ್ದಕ್ಕಿದ್ದಂತೆ ಕ್ಲಾಸಿನ ದಿನ ಹೊಟ್ಟೆನೋವು, ಇಷ್ಟದ ಡ್ಯಾನ್ಸೇ ಬೇಡ ಎನ್ನುವುದು, ನಿದ್ದೆಯಲ್ಲಿ ಬೆಚ್ಚುವುದು, ಇವಕ್ಕೆ ಬೇರೆ ನೂರು ಕಾರಣ ಇರಬಹುದು. ಆದರೂ ಸೋಮಾರಿತನ ಎಂದು ಗದರಿಸಿ ಕಳಿಸುವ ಮುಂಚೆ ಒಂದು ದಿನ ಮನೆಯಲ್ಲಿ ಇರಿಸಿಕೊಂಡು ಮಾತಾಡಿ.

ಹಂತ 9: ಮಗು ಏನಾದರೂ ಹೇಳಿದರೆ

ಮೊದಲು ಕೇಳಿಸಿಕೊಳ್ಳಿ, ನಂಬಿ. "ನೀನು ಹೇಳಿದ್ದು ಒಳ್ಳೆಯದಾಯ್ತು, ನಿನ್ನದು ತಪ್ಪಿಲ್ಲ" ಇಷ್ಟು ಹೇಳಿದರೆ ಸಾಕು. ಅಜ್ಜಿಗೊಮ್ಮೆ, ಚಿಕ್ಕಮ್ಮನಿಗೊಮ್ಮೆ ಹೇಳಿಸಬೇಡಿ. ಮಗು ಹೇಳಿದ್ದನ್ನು ಅದೇ ಮಾತಿನಲ್ಲಿ, ದಿನಾಂಕ ಹಾಕಿ, ನೀವು ಬರೆದಿಡಿ. ಘಟನೆ ಆಗಲೇ ನಡೆದದ್ದಾದರೆ ಬಟ್ಟೆ ಒಗೆಯಬೇಡಿ, ಕಾಗದದ ಕವರಿನಲ್ಲಿ ಇಡಿ. ಮೆಸೇಜ್ ಇದ್ದರೆ ಡಿಲೀಟ್ ಮಾಡಬೇಡಿ. ಮಗುವಿನ ಅಶ್ಲೀಲ ಫೋಟೊ ಇದ್ದರೆ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಸಾಕ್ಷಿ ಎಂದು ಸಂಬಂಧಿಕರಿಗೆ ಕಳಿಸಿದರೂ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುತ್ತೀರಿ. ಫೋನನ್ನೇ ಪೊಲೀಸರಿಗೆ ತೋರಿಸಿ.

ಆಮೇಲೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇದೆ, ದುಡ್ಡು ಬೀಳುವುದಿಲ್ಲ. ಅಪಾಯ ಈಗಲೇ ಇದೆ ಎಂದರೆ 112. ಯಾವ ಪೊಲೀಸ್ ಠಾಣೆಗೂ ಹೋಗಬಹುದು. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ಆಗಿದ್ದರೂ ದೂರು ಬರೆದುಕೊಂಡು ಅಲ್ಲಿಗೆ ಕಳಿಸಬೇಕು, ಅದಕ್ಕೇ ಝೀರೊ ಎಫ್‌ಐಆರ್ ಎನ್ನುವುದು. ಮಂಗಳೂರಿನಲ್ಲಿ ಪಾಂಡೇಶ್ವರದ ಮಹಿಳಾ ಠಾಣೆಯೂ ಇದೆ.

ಭಯ ಬೇಡ ಎಂದು ಸುಮ್ನೆ ಹೇಳುತ್ತಿಲ್ಲ, ಕಾನೂನಿನಲ್ಲೇ ಬರೆದಿದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಬೇಕಾದ ಕಡೆಯೋ ಪಡೆಯಬೇಕು, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಯೂನಿಫಾರ್ಮ್ ಹಾಕಿರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹುಡುಗಿಯಾದರೆ ವೈದ್ಯಕೀಯ ಪರೀಕ್ಷೆ ಮಾಡುವುದು ಮಹಿಳಾ ವೈದ್ಯರು. ತುರ್ತು ಚಿಕಿತ್ಸೆ ಬೇಕಾದರೆ ಪೊಲೀಸ್ ಕಾಗದ ತನ್ನಿ ಎಂದು ಆಸ್ಪತ್ರೆಯವರು ಹೇಳುವಂತಿಲ್ಲ. ಮಗುವಿನ ಹೆಸರು, ಫೋಟೊ, ಶಾಲೆ, ಯಾವುದನ್ನೂ ಪತ್ರಿಕೆ ಟಿವಿಯವರು ಹಾಕುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಮಗುವಿನ ಆರೈಕೆ, ರಕ್ಷಣೆಯ ಬಗ್ಗೆ ತೀರ್ಮಾನ ಮಾಡುವ ಸಮಿತಿ ಅದು, ಕೇಸು ನಡೆಯುವಷ್ಟು ದಿನ ಜೊತೆಗಿರಲು ಒಬ್ಬ ಸಹಾಯಕ ವ್ಯಕ್ತಿಯನ್ನೂ ಕೊಡಬಹುದು.

ಅತಿ ದೊಡ್ಡ ಎಚ್ಚರ: ಪಂಚಾಯ್ತಿಕೆ ಬೇಡ. "ಸಂಘದ ಹೆಸರು ಹಾಳಾಗುತ್ತದೆ, ಐವತ್ತು ವರ್ಷದ ಸಂಘ, ಆ ಗುರುಗಳನ್ನು ನಾವೇ ಕಳಿಸಿಬಿಡುತ್ತೇವೆ, ನೀವು ಸುಮ್ನಿರಿ" ಎಂದು ಹಿರಿಯರು ಮನೆಗೆ ಬರುತ್ತಾರೆ. ಕಳಿಸಿದರೆ ಅವರು ಪಕ್ಕದ ಊರಲ್ಲಿ ಕ್ಲಾಸ್ ಶುರು ಮಾಡುತ್ತಾರೆ, ಅಲ್ವಾ? ಅದೂ ಅಲ್ಲದೆ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಇರುವುದೇ ಪೋಕ್ಸೊ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ದಂಡ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಇದನ್ನು ಆ ಹಿರಿಯರಿಗೆ ಮೆತ್ತಗೆ ಹೇಳಿ. ನೀವು ಒಳ್ಳೆಯ ನಂಬಿಕೆಯಿಂದ ಕೊಟ್ಟ ಮಾಹಿತಿಗೆ ನಿಮ್ಮ ಮೇಲೆ ಕೇಸು ಹಾಕಲು ಬರುವುದಿಲ್ಲ.

ಕಲಿಸುವವರೂ ಇದನ್ನು ಓದುತ್ತಿದ್ದರೆ

ಇದರಿಂದ ಮಕ್ಕಳ ಜೊತೆಗೆ ನಿಮಗೂ ರಕ್ಷಣೆ. ಬಾಗಿಲು ತೆರೆದಿರುವ, ಒಬ್ಬ ಪೋಷಕರು ಜಗಲಿಯಲ್ಲಿ ಕೂತಿರುವ ಕ್ಲಾಸಿನ ಗುರುಗಳ ಮೇಲೆ ಸುಳ್ಳು ಆರೋಪ ಹೊರಿಸುವುದು ಸುಲಭ ಅಲ್ಲ. ಮುಟ್ಟುವ ನಿಯಮ, ಫೋಟೊ ನಿಯಮ, ದೂರು ಹೇಳಬೇಕಾದವರ ಹೆಸರು, 1098, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿಸಿ ಗೋಡೆಗೆ ಅಂಟಿಸಿ, ಸೇರುವಾಗ ಪೋಷಕರ ಸಹಿ ಪಡೆಯಿರಿ. ಸೀನಿಯರ್ ವಿದ್ಯಾರ್ಥಿಗಳಿಗೆ ಚಿಕ್ಕವರ ಕ್ಲಾಸ್ ಒಪ್ಪಿಸಿ ನೀವು ಹೊರಗೆ ಹೋಗುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ಮಗುವಿಗೆ ಇಂಥದ್ದು ಆದ ಮೇಲೆ ಕಲೆ ಬಿಡಿಸಬೇಕಾ?

ಇದನ್ನೂ ತುಂಬ ಜನ ಕೇಳುತ್ತಾರೆ. ನೀವಾಗಿ ಬಿಡಿಸಬೇಡಿ, ಬಿಡಿಸಿದರೆ ಶಿಕ್ಷೆ ತನಗೇ ಆಯ್ತು ಎಂದು ಮಗು ಅಂದುಕೊಳ್ಳುತ್ತದೆ. ಬಲವಂತವಾಗಿ ಮುಂದುವರಿಸಲೂ ಬೇಡಿ. ಸ್ವಲ್ಪ ಕಾಲ ಕೌನ್ಸೆಲಿಂಗ್ ಬೇಕಾಗಬಹುದು, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮಗು ತಾನಾಗಿ ಕೇಳಿದಾಗ ಬೇರೆ ಕ್ಲಾಸ್ ಹುಡುಕಿ, ಮತ್ತೆ ಹಂತ 1ರಿಂದಲೇ ಶುರು ಮಾಡಿ. ಹೊಸ ಗುರುಗಳಿಗೆ ಹಳೆಯ ವಿಷಯ ಹೇಳಬೇಕಾ ಬೇಡವಾ ಎನ್ನುವುದನ್ನು ಮಗುವನ್ನು ಕೇಳಿಯೇ ತೀರ್ಮಾನಿಸಿ.